ಬೆಡ್ ಎಷ್ಟು ಬೇಕು? ಸಿಮ್ಯುಲೇಷನ್ ಮಾಡಿ ನೋಡಿದವರು ಅನುಭವ ಹೇಳಿ

ಪ್ರಶ್ನೆ, ಕಲಬುರಗಿಯಿಂದ:
ನಮ್ಮದು 60 ಬೆಡ್‌ನ ಆಸ್ಪತ್ರೆ. ಯಾದಗಿರಿ, ಬೀದರ್ ಕಡೆಯಿಂದಲೂ ಪೇಶಂಟ್ ಬರುತ್ತಾರೆ. ತಿಂಗಳ ಲೆಕ್ಕದಲ್ಲಿ ಹತ್ತರಲ್ಲಿ ಎರಡು ಬೆಡ್ ಖಾಲಿ. ಆದರೂ ಎಷ್ಟೋ ರಾತ್ರಿ ಬಂದವರನ್ನು ಬೇರೆ ಕಡೆ ಕಳಿಸಬೇಕಾಗುತ್ತದೆ. ಇನ್ನೊಂದು ಮಹಡಿ ಕಟ್ಟಿಸುವ ಮೊದಲು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಷನ್, ಅಂದರೆ ಪೇಶಂಟ್ ಬಂದು ಹೋಗುವುದರ ಅಣಕು ಲೆಕ್ಕ, ಮಾಡಿ ನೋಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ, ಕಲಬುರಗಿಯ ಸಂಖ್ಯಾಶಾಸ್ತ್ರದ ಮೇಷ್ಟ್ರು:
ಸರ್, ಬರೀ ಸರಾಸರಿ ನಂಬಬೇಡಿ. ದಿನಕ್ಕೆ 10 ಮಂದಿ ಸೇರಿ, ಒಬ್ಬೊಬ್ಬರು ಸರಾಸರಿ 4 ದಿನ ಇದ್ದರೆ ಒಳಗೆ ಸುಮಾರು 40 ಮಂದಿ ಇರುತ್ತಾರೆ. ಇದು ಲಿಟಲ್ ನಿಯಮ. ಆದರೆ 40 ಬೆಡ್ ಸಾಕಾಗಲ್ಲ. ಒಂದು ದಿನ 6 ಮಂದಿ ಬರುತ್ತಾರೆ, ಮರುದಿನ 15. ಬರುವವರು ಹೀಗೆ ಹೊತ್ತುಗೊತ್ತಿಲ್ಲದೆ ಬರುವಾಗ 20 ರಾತ್ರಿಗಳಲ್ಲಿ 19 ರಾತ್ರಿ ಎಲ್ಲರಿಗೂ ಬೆಡ್ ಸಿಗಬೇಕೆಂದರೆ ಸುಮಾರು 51 ಬೇಕು. ಅದೇ 40 ಮಂದಿಯನ್ನು ಗಂಡಸರು, ಹೆಂಗಸರು, ಮಕ್ಕಳು, ಸರ್ಜರಿ ಅಂತ ಹತ್ತತ್ತು ಮಂದಿಯ ನಾಲ್ಕು ವಾರ್ಡ್ ಮಾಡಿ ನೋಡಿ. ಒಂದೊಂದಕ್ಕೂ 15 ಬೇಕು, ಒಟ್ಟು 60! ಒಂದು ವಾರ್ಡ್ ತುಂಬಿದಾಗ ಪಕ್ಕದ ವಾರ್ಡ್‌ನ ಖಾಲಿ ಬೆಡ್ ಲೆಕ್ಕಕ್ಕೆ ಮಾತ್ರ ಇರುತ್ತದೆ. ನಿಮ್ಮ ತೊಂದರೆ ಇದೇ ಇರಬಹುದು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾವ ವಾರ್ಡ್‌ಗೆ ಬೇಕಾದರೂ ಕೊಡಬಹುದಾದ ನಾಲ್ಕೈದು ಬೆಡ್ ಇಟ್ಟರೆ ಏನಾಗುತ್ತದೆ? ಮಹಡಿಗಿಂತ ಮೊದಲು ಇದನ್ನು ಪರೀಕ್ಷಿಸಿ.

1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಿಮ್ಯುಲೇಷನ್ ಅಧ್ಯಯನದ ಪ್ರಕಾರ, ಸರಾಸರಿ ಭರ್ತಿ ಶೇ 85 ದಾಟಿದರೆ ಬೆಡ್ ಸಿಗದ ಅಪಾಯ ಕಾಣಿಸುತ್ತದೆ. ಶೇ 90 ದಾಟಿದರೆ ಅದು ಪದೇ ಪದೇ ಆಗುತ್ತದೆ. ಈ ಅಂಕಿಯನ್ನು ಸಣ್ಣ ವಾರ್ಡ್‌ಗೆ ಹಾಗೇ ಹಚ್ಚಬೇಡಿ, ಅಲ್ಲಿ ಇನ್ನೂ ಜಾಸ್ತಿ ಖಾಲಿ ಬಿಡಬೇಕು. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಕಿಲ್ಲ. ಪೈಥಾನ್, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗಳಿಗೆ ಸಿಗುವ ಸಿಮ್ಯುಲೇಷನ್ ಪ್ಯಾಕೇಜ್‌ಗಳಾದ ಸಿಮ್‌ಪೈ (ಪೈಥಾನ್), ಸಿಮ್ಮರ್ (ಆರ್) ಎರಡೂ ಉಚಿತ.

ಉತ್ತರ, ಬೀದರಿನ ವಾರ್ಡ್ ಇನ್‌ಚಾರ್ಜ್ ಸಿಸ್ಟರ್:
ಅಣ್ಣಾ, ಡಿಸ್ಚಾರ್ಜ್ ಬರೆದ ಹೊತ್ತು ಬೇರೆ, ಬೆಡ್ ಖಾಲಿಯಾದ ಹೊತ್ತು ಬೇರೆ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರ್ ಹೋಗಬಹುದು ಅನ್ನುತ್ತಾರೆ. ಬಿಲ್, ಇನ್ಶೂರೆನ್ಸ್ ಒಪ್ಪಿಗೆ, ಔಷಧಿ ಎಲ್ಲ ಮುಗಿಯುವಷ್ಟರಲ್ಲಿ ಸಂಜೆ. ಊರಿನ ಕೊನೇ ಬಸ್ ಹೋಗಿರುತ್ತದೆ. "ಮುಂಜಾನೆ ಹೋಗ್ತೀವಿ ಸಿಸ್ಟರ್" ಅಂತಾರೆ. ಮಗು ಎತ್ತಿಕೊಂಡು ನಿಂತವರಿಗೆ ಆಗಲ್ಲ ಅನ್ನೋದು ಹೇಗೆ? ಅಮಾವಾಸ್ಯೆ ದಿನ ಮನೆಗೆ ಹೋಗಲ್ಲ ಅನ್ನುವವರೂ ಇದ್ದಾರೆ. ಇದ್ಯಾವುದೂ ರಿಜಿಸ್ಟರ್‌ನಲ್ಲಿ ಇರಲ್ಲ. ಒಂದಷ್ಟು ದಿನ ಬೆಡ್ ನಿಜವಾಗಿ ಖಾಲಿಯಾದ ಗಂಟೆ ಬರೆಸಿ. ನಮ್ಮಲ್ಲಿ ಆ ಗಂಟೆಗಳನ್ನು ಸಿಮ್ಯುಲೇಷನ್‌ಗೆ ಹಾಕಿ, ಆಮೇಲೆ ಡಿಸ್ಚಾರ್ಜ್ ಮಧ್ಯಾಹ್ನದೊಳಗೆ ಮುಗಿದರೆ ಏನಾಗುತ್ತದೆ ಅಂತ ನೋಡಿದರು. ಒಂದು ಬೆಡ್ ಕೂಡ ಸೇರಿಸದೆ ಆ ಲೆಕ್ಕದಲ್ಲಿ ಸಂಜೆಯ ಕಾಯುವಿಕೆ ಬಹಳ ಇಳಿಯಿತು.

ಉತ್ತರ, ಯಾದಗಿರಿಯಿಂದ:
ಇಡೀ ವರ್ಷವನ್ನು ಒಂದೇ ಮಾಡಬೇಡಿ. ಮೇ ತಿಂಗಳ ಬಿಸಿಲು, ಮಳೆ ಶುರುವಾದ ಮೇಲೆ ವಾಂತಿಭೇದಿ, ಹಾವು ಕಚ್ಚಿದವರು, ಆಮೇಲೆ ಡೆಂಗಿ. ತಿಂಗಳವಾರು ಹಾಕಿ. ಕೋವಿಡ್ ತಿಂಗಳುಗಳನ್ನು ಬೇರೆ ಇಡಿ. ಮುಖ್ಯವಾಗಿ, ನೀವು ಬೇರೆ ಕಡೆ ಕಳಿಸಿದವರು ಅಡ್ಮಿಷನ್ ಲೆಕ್ಕದಲ್ಲೇ ಇಲ್ಲ, ಅಲ್ವಾ? ಅವರನ್ನು ಸೇರಿಸದಿದ್ದರೆ ಕಂಪ್ಯೂಟರ್ ಬೆಡ್ ಸಾಕು ಅಂತಲೇ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬೇರೆ ಕಡೆ ಕಳಿಸಿದವರನ್ನು ಬರೆದಿಡಲು ಕ್ಯಾಶುವಾಲ್ಟಿಯಲ್ಲಿ ನಾಳೆಯಿಂದಲೇ ಒಂದು ಪುಸ್ತಕ ಇಡಿಸುತ್ತೇನೆ. ಐಸಿಯು ಕೂಡ ಇದರಲ್ಲೇ ಸೇರಿಸಲಾ?

ಮೇಷ್ಟ್ರು:
ಸೇರಿಸಲೇಬೇಕು ಸರ್. ವಾರ್ಡ್ ತುಂಬಿದ್ದರೆ ಐಸಿಯುನಲ್ಲಿ ಚೇತರಿಸಿಕೊಂಡವರು ಅಲ್ಲೇ ಉಳಿಯುತ್ತಾರೆ, ಹೊಸಬರಿಗೆ ಜಾಗ ಸಿಗಲ್ಲ. ಜೊತೆಗೆ ಪ್ರತಿ ಶಿಫ್ಟ್‌ನ ಸಿಸ್ಟರ್‌ಗಳ ಸಂಖ್ಯೆಯನ್ನೂ ಹಾಕಿ. ನೋಡಿಕೊಳ್ಳುವವರಿಲ್ಲದ ಬೆಡ್ ಅನ್ನು ಎಣಿಸಬೇಡಿ.