‘ಗಾಡಿ ತಿರುಗುವಾಗ ಹಿಂದೆ ಶಬ್ದ’: ಈ ಒಂದು ವಾಕ್ಯದ ಪದಗಳ ಬಗ್ಗೆ

ಪದಚರ್ಚೆಯ ಬಳಗಕ್ಕೆ ನಮಸ್ಕಾರಗಳು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ವಾಹನದ ಹಿಂಬದಿಯಿಂದ, ಅದೂ ರಸ್ತೆಯ ತಿರುವುಗಳಲ್ಲಿ ಮಾತ್ರ ಕೇಳಿಸುವ ಸದ್ದನ್ನು, ದುರಸ್ತಿ ಮಾಡುವವರಿಗೆ ಬೇರೆ ಅರ್ಥ ಹೊಳೆಯದಂತೆ ಕನ್ನಡದಲ್ಲಿ ಹೇಳುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ನನ್ನ ಕಾರಿನಲ್ಲಿ ಇಂಥದೊಂದು ಸದ್ದು ಶುರುವಾದಾಗ ವರ್ಕ್‌ಶಾಪಿಗೆ ಹೋಗಿ, ‘ಗಾಡಿ ತಿರುಗುವಾಗ ಹಿಂದೆ ಶಬ್ದ ಬರುತ್ತದೆ’ ಎಂದಷ್ಟೇ ಹೇಳಿದೆ. ಮೆಕ್ಯಾನಿಕ್ ಅವರ ಮನೆಮಾತು ಮಲಯಾಳ; ಕನ್ನಡವನ್ನೂ ಸರಾಗವಾಗಿ ಆಡುತ್ತಾರೆ. ಅವರು ಜಾಕ್ ಕೊಟ್ಟು ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಒಂದೊಂದನ್ನೇ ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿದರು. ಏನೂ ಕೇಳಿಸಲಿಲ್ಲ. ಬ್ರೇಕ್ ಡ್ರಮ್ ಬಿಚ್ಚಿ, ಧೂಳು ತೆಗೆದು, ಮತ್ತೆ ಜೋಡಿಸಿ ಕೊಟ್ಟರು. ಮನೆಗೆ ಮರಳುವಾಗ ಮೊದಲನೆಯ ಬಲತಿರುವಿನಲ್ಲೇ ಸದ್ದು ಪುನಃ ಬಂತು. ತಪ್ಪು ಅವರದಾಗಿರಲಿಲ್ಲ, ನನ್ನ ವಾಕ್ಯವೇ ಅವರನ್ನು ಚಕ್ರದತ್ತ ಕಳುಹಿಸಿತ್ತು.

ಕನ್ನಡದಲ್ಲಿ ಚಕ್ರವೂ ತಿರುಗುತ್ತದೆ, ಗಾಡಿಯೂ ತಿರುಗುತ್ತದೆ. ಆದರೆ ಚಕ್ರ ತನ್ನ ಅಚ್ಚಿನ ಸುತ್ತ ತಿರುಗುವುದಕ್ಕೂ ಗಾಡಿ ದಿಕ್ಕು ಬದಲಿಸುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಗಾಡಿ ಬಲಕ್ಕೆ ಹೋಗುವಾಗ ಅದರ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಸವೆದ ಬೇರಿಂಗ್ (ಚಕ್ರ ಸರಾಗವಾಗಿ ಸುತ್ತಲೆಂದು ಅದರ ನಡುವೆ ಕೂರಿಸುವ ಗುಂಡುಗಳ ಬಳೆ) ತನ್ನ ದೋಷವನ್ನು ತೋರಿಸುವುದು ಆ ಭಾರದ ಅಡಿಯಲ್ಲೇ ಹೊರತು, ಜಾಕಿನ ಮೇಲೆ ನಿಂತ ಗಾಡಿಯ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಸುತ್ತಿಸುವಾಗ ಅದು ಸುಮ್ಮನಿದ್ದುಬಿಡಬಹುದು. ಮಲಯಾಳದಲ್ಲಿ ಚಕ್ರಕ್ಕೆ ‘ಕರಙ್ಙುಕ’ ಎಂದೂ, ಗಾಡಿಯನ್ನು ತಿರುವಿನಲ್ಲಿ ಒಯ್ಯುವುದಕ್ಕೆ ‘ವಳಯ್ಕುಕ’ ಎಂದೂ ಬೇರೆ ಬೇರೆ ಮಾತುಗಳಿವೆ. ಈ ಎರಡನೆಯದರ ನಂಟು ನಮ್ಮ ಬಳೆ, ಬಳಸುದಾರಿಗಳಲ್ಲಿ ಉಳಿದಿದೆಯಾದರೂ, ‘ಬಳಸು’ ಎಂದರೆ ಇಂದಿನ ಕಿವಿಗೆ ಉಪಯೋಗಿಸು ಎಂದೇ ಕೇಳಿಸುವುದರಿಂದ ಅದನ್ನು ಇಲ್ಲಿ ತರುವಂತಿಲ್ಲ. ‘ಹೊರಳುವಾಗ’ ಎಂದರೆ ನಮ್ಮ ಕಡೆಯವರಿಗೆ ಗಾಡಿ ಉರುಳಿಬಿದ್ದ ಚಿತ್ರ ಕಣ್ಣಿಗೆ ಬರುತ್ತದೆ. ‘ಸ್ಟಿಯರಿಂಗ್ ತಿರುಗಿಸುವಾಗ’ ಎಂದರೆ ಕೇಳಿದವರು ನೇರವಾಗಿ ಮುಂದಿನ ಚಕ್ರಗಳ ಬಳಿಗೆ ಹೋಗುತ್ತಾರೆ. ಕ್ರಿಯಾಪದವನ್ನೇ ಬಿಟ್ಟು ‘ತಿರುವಿನಲ್ಲಿ’ ಎನ್ನುವುದು, ಮನೆಮಾತಿನಲ್ಲಾದರೆ ‘ತಿರ್ಗಾಸಿನಲ್ಲಿ’ ಎನ್ನುವುದು ನನಗೆ ಸದ್ಯಕ್ಕೆ ಸರಿಯೆನಿಸಿದೆ.

‘ಹಿಂದೆ’ ಎಂಬುದೂ ಹೀಗೆಯೇ. ‘ಹಿಂದೆ ಸದ್ದು ಬರುತ್ತಿತ್ತು’ ಎಂದರೆ ಅದು ಜಾಗವೋ ಕಾಲವೋ ತಿಳಿಯದು. ‘ಹಿಂಬದಿ’ ಎಂದರೆ ಆ ಸಂಶಯ ಇಲ್ಲ.

ನಿಜವಾದ ಕಷ್ಟ ಇರುವುದು ಸದ್ದಿನ ಹೆಸರಿನಲ್ಲಿ, ಮತ್ತು ಕನ್ನಡದ ಬಲ ಇರುವುದೂ ಅಲ್ಲಿಯೇ ಎಂದು ನನ್ನ ನಂಬಿಕೆ. ನಮ್ಮ ಅನುಕರಣ ಪದಗಳು ಸದ್ದನ್ನು ಅಣಕಿಸುವುದಷ್ಟೇ ಅಲ್ಲ, ಅದು ಎಷ್ಟು ಸಲ ಆಯಿತು ಎಂಬುದನ್ನೂ ಹೇಳುತ್ತವೆ. ‘ಟಕ್ಕೆಂದಿತು’ ಎಂದರೆ ಒಂದೇ ಸಲ. ‘ಟಕಟಕ’ ಎಂದರೆ ಬಿಡಿಬಿಡಿಯಾಗಿ ಹಲವು ಸಲ. ‘ಗುಂಯ್’ ಎಂದರೆ ಎಲ್ಲಿಯೂ ಕಡಿಯದೆ. ದೋಷ ಹುಡುಕುವವರಿಗೆ ಬೇಕಾದದ್ದು ಇದೇ. ತಿರುವಿನ ಆರಂಭದಲ್ಲಿ ಗಾಡಿ ವಾಲಿದೊಡನೆ ಒಮ್ಮೆ ಧಡಕ್ಕೆಂದರೆ ಶಾಕ್ ಅಬ್ಸಾರ್ಬರಿನ ಅಥವಾ ಸ್ಪ್ರಿಂಗಿನ ಬುಷ್, ಅಂದರೆ ಅದರ ಕೀಲಿನಲ್ಲಿ ಕೂರಿಸುವ ಸಣ್ಣ ಕೊಳವೆ, ಸವೆದಿರಬಹುದು. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ, ನಮ್ಮ ಗುಡ್ಡದ ದಾರಿಗಳ ಜೀಪಿನಂಥ ಗಾಡಿಯಲ್ಲಿ ತಿರುವಿನುದ್ದಕ್ಕೂ ಕಟಕಟ ಎಂದರೆ ಡಿಫರೆನ್ಷಿಯಲ್ (ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಭಾಗ) ಒಳಗಿನ ಸಣ್ಣ ಹಲ್ಲುಚಕ್ರಗಳನ್ನು ನೋಡಬೇಕಾಗುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕಾದುದರಿಂದ ಆಗ ಮಾತ್ರ ಅವು ಒಂದರ ಮೇಲೊಂದು ಉರುಳುತ್ತವೆ, ನೇರ ರಸ್ತೆಯಲ್ಲಿ ಅವಕ್ಕೆ ಆ ಕೆಲಸವೇ ಇಲ್ಲ. ಮುಂದಿನ ಚಕ್ರಗಳೇ ಎಳೆಯುವ ಕಾರಿನ ಹಿಂಬದಿಯಲ್ಲಿ ಡಿಫರೆನ್ಷಿಯಲ್ಲೇ ಇರುವುದಿಲ್ಲವಾದ್ದರಿಂದ ಅಲ್ಲಿ ‘ಗುಂಯ್’ ಎಂದರೆ ಮೊದಲ ಅನುಮಾನ ಬೇರಿಂಗಿನದು.

ಎರಡನೆಯ ಸಲ ಹೋದಾಗ ನಾನು ಹೇಳಿದ್ದು ಇಷ್ಟು: ‘ಬಲತಿರುವಿನಲ್ಲಿ ಎಡ ಹಿಂಬದಿಯಿಂದ ಗುಂಯ್ ಎನ್ನುತ್ತದೆ, ವೇಗ ಹೆಚ್ಚಿದ ಹಾಗೆ ಏರುತ್ತದೆ, ನೇರಕ್ಕೆ ಬಂದ ಕೂಡಲೇ ಅಡಗುತ್ತದೆ.’ ಅವರು ‘ಮೂಳಲ್ ಅಲ್ವಾ?’ (ಮಲಯಾಳದಲ್ಲಿ ಗುಂಯ್‌ಗುಟ್ಟುವ ಸದ್ದಿಗೆ ಮೂಳಲ್ ಎನ್ನುತ್ತಾರೆ) ಎಂದು ಕೇಳಿ, ಪಕ್ಕದಲ್ಲಿ ಕುಳಿತು ಒಂದು ಸುತ್ತು ಬಂದು, ಎಡಗಡೆಯ ಬೇರಿಂಗ್ ಬದಲಿಸಿದರು. ಹಳೆಯದನ್ನು ನನ್ನ ಕೈಗಿತ್ತರು. ಬೆರಳು ತೂರಿಸಿ ಸುತ್ತಿಸಿದರೆ ಸದ್ದೇನೂ ಇಲ್ಲ, ಆದರೆ ಒಳಗೆ ನಾಲ್ಕು ಕಾಳು ಮರಳು ಸಿಕ್ಕಿಕೊಂಡಿದೆಯೋ ಎಂಬಂತೆ ತಡೆತಡೆದು ಸುತ್ತುತ್ತಿತ್ತು.

ಆ ‘ಮೂಳಲ್’ ಎಂಬುದು ಅವರ ಬಾಯಲ್ಲಿ ಎಷ್ಟು ಸಹಜವಾಗಿ ಬಂತೆಂದರೆ, ಅಷ್ಟೇ ಸಹಜವಾದ ನಾಮಪದ ಕನ್ನಡದಲ್ಲಿ ಯಾವುದು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ‘ಗುಂಯ್‌ಗುಟ್ಟುವಿಕೆ’ ಬರೆಯಲು ಬರುತ್ತದೆ, ಆಡಲು ಬರುವುದಿಲ್ಲ. ‘ಮೊರೆತ’ ನನಗೆ ಇಷ್ಟವಾದ ಪದ: ಕಡಲು ಮೊರೆಯುತ್ತದೆ, ದುಂಬಿ ಮೊರೆಯುತ್ತದೆ, ಎರಡರಲ್ಲೂ ಕಡಿಯದ ಸದ್ದಿದೆ. ಆದರೆ ವರ್ಕ್‌ಶಾಪಿನಲ್ಲಿ ನಿಂತು ‘ಬೇರಿಂಗ್ ಮೊರೆಯುತ್ತಿದೆ’ ಎಂದರೆ ಯಾರಿಗಾದರೂ ಅರ್ಥವಾದೀತೇ ಎಂಬ ಅಳುಕೂ ಇದೆ.

ಆದ್ದರಿಂದ ಬಲ್ಲವರಲ್ಲಿ ವಿನಂತಿ. ಬಯಲುಸೀಮೆಯ, ಬಡಗಣ ಕರ್ನಾಟಕದ ವರ್ಕ್‌ಶಾಪುಗಳಲ್ಲಿ ಈ ಎಡೆಬಿಡದ ಸದ್ದಿಗೆ ‘ಸೌಂಡು’ ಎಂಬುದನ್ನು ಬಿಟ್ಟು ಬೇರೆ ಮಾತು ಬಳಕೆಯಲ್ಲಿದೆಯೇ? ಗಾಡಿ ದಿಕ್ಕು ಬದಲಿಸುವುದಕ್ಕೆ ‘ತಿರುಗು’ ಅಲ್ಲದ ಕ್ರಿಯಾಪದ ನಿಮ್ಮ ಊರಿನಲ್ಲಿ ಯಾವುದು? ಹಾಗೆಯೇ, ಅಚ್ಚಿಗೆ ‘ಇರುಸು’ ಎಂಬ ಮಾತು ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಇದೆ. ಎತ್ತಿನ ಗಾಡಿಯ ಇರುಸು ಕೀಲೆಣ್ಣೆ ಕಾಣದೆ ಸದ್ದು ಮಾಡಿದಾಗ ನಿಮ್ಮ ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದು ನೆನಪಿದ್ದರೆ, ಅವರು ಆಡುತ್ತಿದ್ದ ವಾಕ್ಯವನ್ನು ಹಾಗೆಯೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ.