ದೋಣಿ ಮೋಟರ್ ಕೆರೆ ಮಧ್ಯೆ ನಿಂತು ನಿಂತು ಓಡುತ್ತಿದೆ, ಹೊಸದು ತಗೊಳ್ಳಲಾ?

ಪ್ರಶ್ನೆ (ಕುಣಿಗಲ್ ತಾಲ್ಲೂಕಿನ ಮೀನುಗಾರ):
ಅಣ್ಣ, ನಮಸ್ಕಾರ. ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುತ್ತೇನೆ. ಪುಟ್ಟ ಫೈಬರ್ ದೋಣಿಗೆ 12 ವೋಲ್ಟ್ ಟ್ರೋಲಿಂಗ್ ಮೋಟರ್ ಹಾಕಿಸಿದ್ದೇನೆ, ಐದು ಸ್ಪೀಡ್‌ನದು. ಬ್ಯಾಟರಿ 100 ಎಎಚ್ (ಆಂಪಿಯರ್-ಅವರ್). ಒಂದು, ಎರಡರಲ್ಲಿ ಚೆನ್ನಾಗಿ ಓಡುತ್ತೆ. ಐದಕ್ಕೆ ತಿರುಗಿಸಿದರೆ ಹತ್ತು ನಿಮಿಷಕ್ಕೆ ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಮತ್ತೆ ಓಡುತ್ತೆ. ಅಂಗಡಿಯವರು ಮೇಜಿನ ಮೇಲೆ ಓಡಿಸಿ, ಸರಿಯಾಗೇ ಇದೆ ಅಂದರು. ಬ್ಯಾಟರಿ 12.6 ತೋರಿಸುತ್ತೆ. ಮೊನ್ನೆ ಗಾಳಿಗೆ ಬಲೆ ಸಮೇತ ಜೊಂಡಿನಲ್ಲಿ ಸಿಕ್ಕಿಕೊಂಡೆ. ಹೊಸ ಮೋಟರ್ ತಗೊಳ್ಳಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ತುಮಕೂರು):
ತಡೀರಿ, ಈಗಲೇ ದುಡ್ಡು ಬಿಚ್ಚಬೇಡಿ. ಮೋಟರಿನ ರೆಕ್ಕೆ (ಪ್ರೊಪೆಲ್ಲರ್) ಗಾಳಿಯಲ್ಲಿ ತಿರುಗಿದರೆ ಮೋಟರಿಗೆ ಕೆಲಸವೇ ಇಲ್ಲ. ನೀರಲ್ಲಿ ಫುಲ್ ಸ್ಪೀಡಿಗೆ ಅದು 40-50 ಆಂಪ್ ಎಳೆಯುತ್ತೆ. ಮೇಜಿನ ಮೇಲೆ ಏನು ಗೊತ್ತಾಗುತ್ತೆ? 12.6 ಕೂಡ ಬ್ಯಾಟರಿ ಸುಮ್ನೆ ಕೂತಿದ್ದಾಗಿನ ಲೆಕ್ಕ.

ಆರಿದ ಮೇಲೆ ಮತ್ತೆ ಓಡುತ್ತೆ ಅಂದ್ರಲ್ಲ, ಅದೇ ಸುಳಿವು. ಎಲ್ಲೋ ಬಿಸಿಯಾಗುತ್ತಿದೆ. ಒಂದು ಜಾಯಿಂಟ್‌ನಲ್ಲಿ ಬರೀ 0.02 ಓಮ್ ಅಡ್ಡಿ ಇದೆ ಅಂದ್ಕೊಳ್ಳಿ. 40 ಆಂಪ್ ಹರಿದರೆ ಅಲ್ಲೇ 0.8 ವೋಲ್ಟ್ ಹೋಯಿತು, 32 ವ್ಯಾಟ್ ಶಾಖ. ನನ್ನ ಸೋಲ್ಡರಿಂಗ್ ಐರನ್ ಅಷ್ಟರಲ್ಲೇ ಸೀಸ ಕರಗಿಸುತ್ತೆ!

ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿ. ರೆಕ್ಕೆ ನೀರಲ್ಲೇ ಇರಲಿ, ಐದರಲ್ಲಿ ಓಡಿಸಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಮೊದಲು ಬ್ಯಾಟರಿ ನೋಡಿ. ಫುಲ್ ಚಾರ್ಜ್ ಇದ್ದೂ ಬೇಗ 11ರ ಕೆಳಗೆ ಇಳಿದರೆ ಬ್ಯಾಟರಿಯೇ ಸೋತಿದೆ. ಇಲ್ಲಾಂದ್ರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಟರ್ಮಿನಲ್‌ಗೆ, ಇನ್ನೊಂದು ಅದಕ್ಕೆ ಕೂತಿರುವ ಲಗ್‌ಗೆ (ವೈರ್ ತುದಿಯ ಲೋಹದ ಬಳೆಗೆ) ಇಡಿ. ಸೊನ್ನೆ ಹತ್ತಿರ ಬರಬೇಕು. 0.2 ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಹೀಗೇ ಬ್ರೇಕರ್, ಪ್ಲಗ್, ಪ್ರತಿ ಜಾಯಿಂಟ್‌ನ ಎರಡೂ ಕಡೆ ಹಿಡಿದು ನೋಡಿ. ಬ್ರೇಕರ್ ಕೂಡ ಕಾದು ಕಟ್ ಆಗಿ, ಆರಿದ ಮೇಲೆ ತಾನೇ ಕೂಡಿಕೊಳ್ಳುವಂಥದ್ದು ಇರುತ್ತೆ. ಮೈನಸ್ ವೈರ್ ಬಿಡಬೇಡಿ. ಎಲ್ಲರೂ ಪ್ಲಸ್ ಮಾತ್ರ ನೋಡಿ ಎದ್ದುಬಿಡ್ತಾರೆ.

ವೈರ್ ಎಷ್ಟು ದಪ್ಪ ಇದೆ? ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ಆದರೆ, ಹೋಗಿ ಬರುವ ಆರು ಮೀಟರೇ 1.6 ವೋಲ್ಟ್ ನುಂಗುತ್ತೆ. 16 ಸ್ಕ್ವೇರ್ ಎಂಎಂ ವೈರ್ ಹಾಕಿ.

ಇನ್ನೊಬ್ಬ ಸದಸ್ಯ (ಚಿಕ್ಕಬಳ್ಳಾಪುರ):
ಸರ್, ನಂದು ಉಲ್ಟಾ. ಐದರಲ್ಲಿ ಮಾತ್ರ ಓಡುತ್ತೆ, ಒಂದರಿಂದ ನಾಲ್ಕು ಸತ್ತಿದೆ.

ಉತ್ತರ:
ಕಡಿಮೆ ಸ್ಪೀಡ್‌ಗಳಿಗೆ ಕರೆಂಟ್ ತಗ್ಗಿಸುವ ಸ್ಪೀಡ್ ಕಾಯಿಲ್ ಸುಟ್ಟಿದೆ. ಐದರಲ್ಲಿ ಕರೆಂಟ್ ಕಾಯಿಲ್‌ಗೆ ಹೋಗದೆ ನೇರ ಮೋಟರಿಗೆ ಹೋಗುತ್ತೆ, ಅದಕ್ಕೇ ಅದೊಂದು ಬದುಕಿದೆ. ಕಾಯಿಲ್ ಬದಲಿಸಿ ಸಾಕು.

ಕುಣಿಗಲ್ ಸದಸ್ಯ (ಎರಡು ದಿನದ ನಂತರ):
ಅಣ್ಣ, ಸಿಕ್ಕಿತು! ಟರ್ಮಿನಲ್ ಹತ್ತಿರ 0.05 ಅಷ್ಟೇ. ಮೈನಸ್ ವೈರಿಗೆ ಎಲ್ಲೋ ಒಂದು ತುಂಡು ಸೇರಿಸಿ ಟೇಪ್ ಸುತ್ತಿದ್ದರು. ಅದರ ಎರಡೂ ಕಡೆ ಪಿನ್ ಚುಚ್ಚಿ ನೋಡಿದರೆ 1.1 ವೋಲ್ಟ್. ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಒಳಗೆ ತಾಮ್ರ ಕಪ್ಪಾಗಿ, ಹಸಿರು ಕಿಲುಬು ಹಿಡಿದಿತ್ತು. ಮೆಲ್ಲಗೆ ಎಳೆದೆ, ಕೈಗೇ ಬಂತು.

ಉತ್ತರ:
ನೋಡಿದ್ರಾ, ಮೈನಸ್ಸೇ! ಜಾಯಿಂಟ್ ಇಲ್ಲದ ಒಂದೇ ವೈರ್ ಎಳೆಯಿರಿ. ಲಗ್ ಒತ್ತಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು. ಹತ್ತಿರ ಬೀಡಿ ಬೇಡ. ಬ್ಯಾಟರಿ ಬಿಚ್ಚಿದ್ದಾಗಲೇ ರೆಕ್ಕೆಯ ನಟ್ ತೆಗೆದು ಹಿಂದೆ ಏನಾದ್ರೂ ಸುತ್ತಿದೆಯಾ ನೋಡಿ.

ಕುಣಿಗಲ್ ಸದಸ್ಯ:
ಒಂದು ಮಾರು ತಂಗೂಸಿ ಬಂತು ಅಣ್ಣ!

ಉತ್ತರ:
ಹಾಗಾದ್ರೆ ಅದು ಶಾಫ್ಟ್ ಹತ್ತಿರ ನೀರು ತಡೆಯುವ ಸೀಲನ್ನು ಕೊಯ್ದಿರಬಹುದು. ನೀರು ಒಳಗೆ ಹೋದರೆ ಬ್ರಷ್, ಬೇರಿಂಗ್ ಎರಡೂ ಹೋಗುತ್ತೆ. ಮೋಟರನ್ನು ರೆಕ್ಕೆ ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿ. ಶಾಫ್ಟ್ ಹತ್ತಿರ ನೀರು ತೊಟ್ಟಿಕ್ಕಿದರೆ ಅಂಗಡಿಗೆ ತನ್ನಿ. ವೈರ್ ಕೆಲಸ ಊರಲ್ಲೇ ಮುಗಿಸಿ, ಅದಕ್ಕೋಸ್ಕರ ತುಮಕೂರಿಗೆ ಬಸ್ ಚಾರ್ಜ್ ಬೇಡ.