ಸಹಾಯ ಬೇಕು: ಕರೆಂಟ್ ಸೆನ್ಸ್ ಆಂಪ್ಲಿಫೈಯರ್ ಔಟ್‌ಪುಟ್ ಜಾಸ್ತಿ ಬರುತ್ತಿದೆ

ಪುಣೆಯಲ್ಲಿರುವ, ಎಲೆಕ್ಟ್ರಾನಿಕ್ಸ್ ಗೊತ್ತಿರುವ ಕನ್ನಡದವರು ಯಾರಾದ್ರೂ ಸ್ವಲ್ಪ ನೋಡಿ. 12 ವೋಲ್ಟ್ ಮೋಟಾರಿನ ಕರೆಂಟ್ ಅಳೆಯೋಕೆ ಐಎನ್‌ಎ180ಎ1 ಅನ್ನೋ ಕರೆಂಟ್ ಸೆನ್ಸ್ ಆಂಪ್ಲಿಫೈಯರ್ ಐಸಿ ಹಾಕಿದ್ದೇನೆ. ಗೇನ್ 20, ಷಂಟ್ (ಮೋಟಾರ್ ಕರೆಂಟ್ ಹಾಯುವ ಪುಟ್ಟ ರೆಸಿಸ್ಟರ್) 10 ಮಿಲಿಓಮ್, ಬುಧವಾರ ಪೇಟೆಯಲ್ಲಿ ತಂದದ್ದು. 5 ಆಂಪಿಯರ್‌ಗೆ ಷಂಟ್ ಮೇಲೆ 50 ಮಿಲಿವೋಲ್ಟ್, ಅದರ 20 ಪಟ್ಟು ಅಂದರೆ ಔಟ್‌ಪುಟ್ 1 ವೋಲ್ಟ್ ಬರಬೇಕು, ಅಲ್ವಾ? ಬರುತ್ತಿರುವುದು 1.2. 2 ಆಂಪಿಯರ್‌ಗೆ 0.4 ಬದಲು 0.48. ಆಫ್‌ಸೆಟ್ ಆಗಿದ್ದರೆ ಎರಡೂ ಕಡೆ ಒಂದೇ ಅಷ್ಟು ಜಾಸ್ತಿ ಇರಬೇಕಿತ್ತು, ಇಲ್ಲಿ ಕರೆಂಟ್ ಜೊತೆಗೇ ಬೆಳೆಯುತ್ತಿದೆ. ಐಸಿ ಬದಲಿಸಿದೆ, ಅದೇ ಕಥೆ. 5 ಆಂಪಿಯರ್‌ನಲ್ಲಿ ಐಸಿಯ ಇನ್‌ಪುಟ್ ಕಾಲುಗಳ ಮಧ್ಯೆ ಮೀಟರ್ ಇಟ್ಟರೆ 60 ಮಿಲಿವೋಲ್ಟ್, ಪಾಪ ಐಸಿದೇನೂ ತಪ್ಪಿಲ್ಲ. ಬೋರ್ಡಿನಲ್ಲಿ ಐಸಿಗೆ ಹೋಗುವ ಸೆನ್ಸ್ ಗೆರೆಗಳು ಷಂಟ್ ಪ್ಯಾಡ್‌ನಿಂದಲ್ಲ, ಸ್ವಲ್ಪ ಆಚೆ ದಪ್ಪ ಟ್ರ್ಯಾಕಿನಿಂದ ಹೊರಟಿವೆ. 5 ಆಂಪಿಯರ್‌ಗೆ 60 ಮಿಲಿವೋಲ್ಟ್ ಅಂದರೆ 10 ಬದಲು 12 ಮಿಲಿಓಮ್; ಈ ಹೆಚ್ಚುವರಿ 2 ಮಿಲಿಓಮ್ ಆ ತಾಮ್ರದ್ದಾ, ಇಲ್ಲ ಷಂಟ್‌ದೇ ಬೆಲೆ ತಪ್ಪಾ? ಹೊಸ ಬೋರ್ಡ್ ಮಾಡಿಸದೆ ಪತ್ತೆ ಹಚ್ಚುವುದು ಹೇಗೆ?